ರಿಪೀಟರಿನ ಬಾಗಿಲು ಕಾಯುವ ಶ್ರುತಿ

ಕೆಲವು ವರ್ಷಗಳ ಹಿಂದಿನ ಮಾತು. ಹ್ಯಾರೋದ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ರಾಜ್ಯೋತ್ಸವ. ಊಟದ ಸಾಲು, ಕಾರ್ ಪಾರ್ಕಿಂಗ್, ಗ್ರೀನ್ ರೂಮ್ ನೋಡಿಕೊಳ್ಳುವವರಿಗೆಂದು ಆರು ವಾಕಿಟಾಕಿ ತಂದಿದ್ದೆ. ಡಬ್ಬದ ಮೇಲೆ ‘38 ಪ್ರೈವೆಸಿ ಕೋಡ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎಲ್ಲದಕ್ಕೂ ಕೋಡ್ 12 ಹಾಕಿ, “ಇನ್ನು ನಮ್ಮ ಮಾತು ನಮಗಷ್ಟೇ” ಎಂದು ಭರವಸೆ ಕೊಟ್ಟವನೂ ನಾನೇ.

ಮಧ್ಯಾಹ್ನ ನಾಲ್ಕು ವರ್ಷದ ಮಗುವೊಂದು ಕಾಣಲಿಲ್ಲ. ಗೇಟಿನ ಸೆಕ್ಯುರಿಟಿಯವರಿಗೂ ತಿಳಿಯಲೆಂದು ನಮ್ಮ ಸ್ವಯಂಸೇವಕರೊಬ್ಬರು ಇಂಗ್ಲಿಷಿನಲ್ಲೇ ಮಗುವಿನ ಹೆಸರು, ಫ್ರಾಕಿನ ಬಣ್ಣ, ತಾಯಿ ನೃತ್ಯಕ್ಕೆ ವೇದಿಕೆ ಹತ್ತಿದ್ದಾರೆಂಬುದು, ಎಲ್ಲವನ್ನೂ ರೇಡಿಯೋದಲ್ಲಿ ಹೇಳಿಬಿಟ್ಟರು. ಎರಡೇ ನಿಮಿಷದಲ್ಲಿ ಮಗು ಪರದೆಯ ಹಿಂದೆ ಚಕ್ಕುಲಿ ತಿನ್ನುತ್ತಾ ಸಿಕ್ಕಿತು. ಆಮೇಲೆ ಪಕ್ಕದ ಕಟ್ಟಡದ ಕೆಲಸಗಾರರೊಬ್ಬರು ಗೇಟಿಗೆ ಬಂದು, ಮಗುವಿನ ಹೆಸರು ಹಿಡಿದೇ “ಸಿಕ್ಕಳೇ?” ಎಂದು ವಿಚಾರಿಸಿದರು. ಅವರ ಕೈಯಲ್ಲೂ ಒಂದು ವಾಕಿಟಾಕಿ! ಪುಣ್ಯಕ್ಕೆ ಒಳ್ಳೆಯ ಮನುಷ್ಯ. ನನಗೆ ಮಾತ್ರ ನವೆಂಬರ್ ಚಳಿಯಲ್ಲೂ ಬೆವರು ಇಳಿಯಿತು.

ಈ ಕೋಡ್ ಎಂದರೇನೆಂದು ನನಗೆ ಸರಿಯಾಗಿ ತಿಳಿದದ್ದು ಆಮೇಲೆ, ಹವ್ಯಾಸಿ ರೇಡಿಯೋ ಪರೀಕ್ಷೆ ಬರೆದು ಲಂಡನ್ನಿನ ರಿಪೀಟರ್‌ಗಳ ಸಹವಾಸ ಮಾಡಿದ ಮೇಲೆ. ಹ್ಯಾರೋದಿಂದ ಕ್ರಾಯ್ಡನ್‌ಗೆ ಕೈಯಲ್ಲಿ ಹಿಡಿಯುವ ಸೆಟ್ಟಿನಿಂದ ನೇರವಾಗಿ ಮಾತಾಡುವುದು ಕಷ್ಟ. ನಡುವೆ ಇಡೀ ನಗರವೇ ಅಡ್ಡ. ಎತ್ತರದ ಜಾಗದಲ್ಲಿ ಕೂತ ರಿಪೀಟರ್ ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಇಲ್ಲಿನ 70 ಸೆಂಟಿಮೀಟರ್ ಬ್ಯಾಂಡಿನ ರಿಪೀಟರ್‌ಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹೇಳುತ್ತವೆ, ಅದಕ್ಕಿಂತ 1.6 ಮೆಗಾಹರ್ಟ್ಸ್ ಮೇಲೆ ಕೇಳುತ್ತವೆ.

ಕಷ್ಟವಿರುವುದು ಕೇಳುವುದರಲ್ಲಿ. ಯಾರೂ ಮಾತಾಡದಿದ್ದಾಗ ರೇಡಿಯೋ ಬರೀ ‘ಬುಸ್’ ಎನ್ನುತ್ತದೆ; ಅದನ್ನು ಅದುಮಿಡುವುದೇ ಸ್ಕ್ವೆಲ್ಚ್. ಆದರೆ ಸ್ಕ್ವೆಲ್ಚಿಗೆ ಬಲವಾದ ಅಲೆ ಯಾವುದು ಬಂದರೂ ಒಂದೇ. ಬೇಸಿಗೆಯಲ್ಲಿ ವಾಯುಭಾರ ಹೆಚ್ಚಿ ಆಕಾಶ ತಿಳಿಯಾದಾಗ ನೂರಾರು ಕಿಲೋಮೀಟರ್ ದೂರದ, ಕಡಲಾಚೆಯ ದನಿಗಳೂ ಬಂದು ರಿಪೀಟರನ್ನು ಎಬ್ಬಿಸಿಬಿಡುತ್ತವೆ. ಆದ್ದರಿಂದ ಬಾಗಿಲಲ್ಲಿ ಇನ್ನೊಬ್ಬ ಕಾವಲುಗಾರ ಬೇಕು. ಅವನೇ ಸಿಟಿಸಿಎಸ್‌ಎಸ್. ಮಾತಿನ ಕೆಳಗೆ ತಂಬೂರಿಯ ಶ್ರುತಿಯಂತೆ ಒಂದು ಮಂದ್ರ ಸ್ವರ ನಿರಂತರ ಹರಿಯುತ್ತಿರುತ್ತದೆ. ಆ ಶ್ರುತಿ ಸರಿಯಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ರೇಡಿಯೋದಲ್ಲಿ ಮಾತು ಸುಮಾರು 300 ಹರ್ಟ್ಸ್‌ನಿಂದ ಶುರು. ಶ್ರುತಿ ಅದಕ್ಕಿಂತ ಕೆಳಗೆ. ಸ್ಪೀಕರಿಗೆ ಹೋಗುವ ಮುನ್ನ ಸೆಟ್ಟು ಅದನ್ನು ಸೋಸಿಬಿಡುವುದರಿಂದ ನಮಗೆ ಕೇಳಿಸದು.

ಇಂಗ್ಲೆಂಡಿನಲ್ಲಿ ಈ ಸ್ವರಗಳನ್ನು ಪ್ರದೇಶವಾರು ಹಂಚಿದ್ದಾರೆ. ಲಂಡನ್ ಸುತ್ತಲಿನ ಬಹಳಷ್ಟು ಹವ್ಯಾಸಿ ರಿಪೀಟರ್‌ಗಳದು 82.5 ಹರ್ಟ್ಸ್, ಹೆಚ್ಚುಕಡಿಮೆ ಗಿಟಾರಿನ ಅತಿ ಮಂದ್ರ ತಂತಿಯ ಸ್ವರ. ಪಕ್ಕದ ಕೆಂಟಿನ ಕಡೆ 103.5. ಒಂದೊಂದಕ್ಕೂ ಒಂದೊಂದು ಅಕ್ಷರ, 82.5ಕ್ಕೆ ‘ಡಿ’. ಎಷ್ಟೋ ರಿಪೀಟರ್‌ಗಳು ತಮ್ಮ ಕರೆಹೆಸರಿನ ಜೊತೆಗೆ ಆ ಅಕ್ಷರವನ್ನೂ ಮೋರ್ಸಿನಲ್ಲಿ ಬಡಿಯುತ್ತವೆ. ಹಳಬರ ಕಾಲದಲ್ಲಿ 1750 ಹರ್ಟ್ಸ್‌ನ ಒಂದು ಕೀರಲು ಸದ್ದಿನಿಂದ ಬಾಗಿಲು ತೆರೆಸುತ್ತಿದ್ದರು. ಬಾಯಲ್ಲೇ ಸಿಳ್ಳೆ ಹಾಕಿ ತೆರೆಸುವ ನಿಪುಣರೂ ಇದ್ದರಂತೆ!

ಹೊಂದಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಕೈಸೆಟ್ಟಿನ ಮೆನುವಿನಲ್ಲಿ ‘ಟಿ’ ಮತ್ತು ‘ಆರ್’ ಎಂದು ಎರಡು ಜಾಗ ಇರುತ್ತವೆ. ‘ಟಿ’ ನಾವು ಕಳಿಸುವ ಸ್ವರ, ‘ಆರ್’ ನಾವು ಕೇಳಬಯಸುವ ಸ್ವರ. ರಿಪೀಟರಿಗೆ ಬೇಕಾದದ್ದು ನಮ್ಮ ‘ಟಿ’. ನಾನು ಮೊದಲ ದಿನ 82.5 ಅನ್ನು ‘ಆರ್’ಗೆ ಮಾತ್ರ ಹಾಕಿ, ಒಂದು ಗಂಟೆ ಗೋಡೆಗೆ ಮಾತಾಡಿದೆ. ಮೊದಲು ‘ಟಿ’ ಹಾಕಿ, ‘ಆರ್’ ಖಾಲಿ ಬಿಡಿ. ರಿಪೀಟರ್ ತಾನೂ ಸ್ವರ ಕಳಿಸುತ್ತದೆಂದು ಖಾತ್ರಿಯಾದ ಮೇಲೆ ‘ಆರ್’ ತುಂಬಿಸಿದರಾಯಿತು. ಪಕ್ಕದ ಸ್ವರಗಳು 79.7 ಮತ್ತು 85.4, ಅಷ್ಟು ಒತ್ತೊತ್ತಾಗಿವೆ. ಗುರುತಿಸಲು ರಿಪೀಟರಿಗೆ ಒಂದು ಗಳಿಗೆ ಬೇಕು. ಗುಂಡಿ ಒತ್ತಿದೊಡನೆ ಮಾತಾಡಿದರೆ ‘ನಮಸ್ಕಾರ’ ಹೋಗಿ ‘ಸ್ಕಾರ’ ಉಳಿಯುತ್ತದೆ.

ನನ್ನ ವೃತ್ತಿಗೆ ಹತ್ತಿರದ್ದು ಡಿಸಿಎಸ್. ಅಲ್ಲಿ ಸ್ವರದ ಬದಲು ಸೆಕೆಂಡಿಗೆ 134.4 ಬಿಟ್ ವೇಗದಲ್ಲಿ 23 ಬಿಟ್ಟಿನ ಪದವೊಂದು ಸುತ್ತುತ್ತಲೇ ಇರುತ್ತದೆ. ಬಿಟ್ಟುಗಳನ್ನು ತಿರುವುಮುರುವು ಮಾಡಿದರೆ 023 ಎಂಬ ಕೋಡ್ 047 ಆಗಿಬಿಡುತ್ತದೆ. ಬೇರೆ ಬೇರೆ ಕಂಪನಿಯ ಸೆಟ್ಟುಗಳು ಒಂದಕ್ಕೊಂದು ಮಾತಾಡದಿದ್ದರೆ ಈ ಗುಮಾನಿ ಇರಲಿ.

ಈಗ ನಮ್ಮ ಕೋಡ್ 12ರ ಕಥೆ. ಬಹುತೇಕ ಸೆಟ್ಟುಗಳಲ್ಲಿ ಅದು 100 ಹರ್ಟ್ಸ್‌ನ ಶ್ರುತಿ, ಅಷ್ಟೇ. ನಮ್ಮ ಸೆಟ್ಟುಗಳು ಪರರ ಮಾತಿಗೆ ಕಿವಿ ಮುಚ್ಚಿಕೊಂಡಿದ್ದವು. ನಮ್ಮ ಬಾಯಿಗೆ ಮಾತ್ರ ಬೀಗವಿರಲಿಲ್ಲ. ಕೋಡ್ ಹಾಕದ ಆ ಕೆಲಸಗಾರರಿಗೆ ಅದೇ ಚಾನೆಲ್‌ನಲ್ಲಿ ನಾವಾಡಿದ್ದೆಲ್ಲ ಕೇಳಿಸುತ್ತಿತ್ತು. ರಿಪೀಟರ್ ಆದರಂತೂ ಆ ಮಾತು ಅರ್ಧ ಲಂಡನ್ನಿಗೇ ತಲುಪುತ್ತಿತ್ತು. ಇನ್ನೊಂದು ಅಪಾಯವೂ ಇದೆ. ಕಿವಿ ಮುಚ್ಚಿದ್ದರಿಂದ ಚಾನೆಲ್ ಖಾಲಿಯೆಂದು ತಿಳಿದು ಇನ್ನೊಬ್ಬರ ಮಾತಿನ ಮೇಲೆ ನಾವು ಮಾತಾಡಿಬಿಡುತ್ತೇವೆ. ಅದಕ್ಕೇ ಮಾನಿಟರ್ ಗುಂಡಿ ಒತ್ತಿ ಕೇಳಿ, ಆಮೇಲೆ ಮಾತು.

ಅಂದ ಹಾಗೆ, ಹವ್ಯಾಸಿ ರಿಪೀಟರನ್ನು ನಮ್ಮ ಕಾರ್ಯಕ್ರಮದ ಕಾರ್ ಪಾರ್ಕಿಂಗ್ ನಿಭಾಯಿಸಲು ಬಳಸುವಂತಿಲ್ಲ. ಆ ಪರವಾನಗಿ ಅದಕ್ಕಲ್ಲ. ನಾವು ಈಗಲೂ ಪರವಾನಗಿ ಬೇಡದ, ಅರ್ಧ ವ್ಯಾಟ್‌ನ ಪಿಎಂಆರ್ 446 ಸೆಟ್ಟುಗಳನ್ನೇ ಬಳಸುತ್ತೇವೆ. ಕೋಡೂ ಹಾಕುತ್ತೇವೆ, ಗದ್ದಲ ತಪ್ಪಲಿ ಎಂದು. ಆದರೆ ಮಗುವಿನ ಹೆಸರು, ಹುಂಡಿಯ ಹಣ ಇರುವ ಜಾಗ ರೇಡಿಯೋದಲ್ಲಿ ಬರುವುದಿಲ್ಲ. ಮಗು ಕಾಣದಿದ್ದರೆ ಕೇಳಿಸುವುದು ಒಂದೇ ಮಾತು: “ಕೋಸಂಬರಿ ಖಾಲಿ, ಎಲ್ಲರೂ ಅಡುಗೆಮನೆಗೆ ಬನ್ನಿ.” ಉಳಿದದ್ದನ್ನು ಅಲ್ಲಿ ಮುಖಾಮುಖಿ ಹೇಳುತ್ತೇವೆ.