ನಿಂತ ಬಾಳೆಯ ನಷ್ಟ

ಭರಣಿ ಮಳೆಯ ಹೊತ್ತಿಗೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಬರುವ ಸುದ್ದಿ ಬಹುತೇಕ ಒಂದೇ: ಬಿರುಗಾಳಿಗೆ ಬಾಳೆ ನೆಲಕಚ್ಚಿತು. ಹರದನಹಳ್ಳಿಯ ಓದುಗರೊಬ್ಬರ ಪ್ರಶ್ನೆ ಎರಡು. ಪಕ್ಕದ ತೋಟಕ್ಕೆ ಏನೂ ಆಗದೆ ನಮ್ಮದೇ ಯಾಕೆ ಮಲಗಿತು? ಬಿದ್ದದ್ದು ಹೋಯಿತು, ನಿಂತದ್ದು ಉಳಿಯಿತು ಎಂದುಕೊಳ್ಳಬಹುದೆ?

ಬೇಸಿಗೆಯ ಗುಡುಗು ಮೋಡದಿಂದ ಬೀಳುವ ಮಳೆ ಒಣಗಾಳಿಯಲ್ಲಿ ಅರ್ಧ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗಾಗಿಸುತ್ತದೆ. ತಣ್ಣಗಾಗಿ ಭಾರವಾದ ಆ ಗಾಳಿ ಕೆಳಕ್ಕೆ ಧುಮುಕುತ್ತದೆ. ಬಿಂದಿಗೆ ನೀರನ್ನು ಅಂಗಳಕ್ಕೆ ಸುರಿದರೆ ಬಿದ್ದ ಜಾಗದಿಂದ ಸುತ್ತಲೂ ಚಿಮ್ಮುವಂತೆ, ನೆಲಕ್ಕೆ ಬಡಿದ ಗಾಳಿಯೂ ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಅದರ ಹರವು ಕೆಲವೊಮ್ಮೆ ಒಂದೆರಡು ಕಿಲೋಮೀಟರ್ ಮಾತ್ರ; ಅದರ ಅಂಚಿನಾಚೆಯ ತೋಟಕ್ಕೆ ಏನೂ ಆಗದಿರಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಗಿಡದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಹೀಗೆ ಧುಮುಕಿ ಚಿಮ್ಮುವ ಗಾಳಿಯನ್ನು ಕಂಡುಕೊಂಡವರು ಜಪಾನಿನ ವಿಜ್ಞಾನಿ ಟೆಟ್ಸುಯಾ ಫುಜಿಟಾ. 1945ರಲ್ಲಿ ನಾಗಾಸಾಕಿಯ ಅಣುಬಾಂಬ್ ಹಾನಿಯನ್ನು ಪರಿಶೀಲಿಸಿದಾಗ, ಒಂದು ಬಿಂದುವಿನಿಂದ ಹೊರಮುಖವಾಗಿ ಉರುಳಿದ ಮರಗಳನ್ನು ನೋಡಿದ್ದರು. 1974ರಲ್ಲಿ ಅಮೆರಿಕದ ಸುಂಟರಗಾಳಿ ಪ್ರದೇಶದ ಮೇಲೆ ವಿಮಾನದಲ್ಲಿ ಹಾರುವಾಗ ಅದೇ ವಿನ್ಯಾಸ ಮತ್ತೆ ಕಂಡಿತು. ಹಲವು ವಿಜ್ಞಾನಿಗಳು ನಂಬಲಿಲ್ಲ. 1978ರಲ್ಲಿ ಷಿಕಾಗೊ ಬಳಿ ರೇಡಾರ್ ಇಟ್ಟು ಅವರು ಸಾಬೀತುಪಡಿಸಿದರು.

ಇನ್ನು ನಿಂತ ಬಾಳೆ. ಕಾಂಡದಂತೆ ಕಾಣುವುದು ಸುತ್ತಿಕೊಂಡ ಎಲೆಪಟ್ಟೆಗಳೇ. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ, ಬೇರೂ ಮೇಲ್ಮಣ್ಣಿನಲ್ಲೇ ಹೆಚ್ಚು. ಗಾಳಿಗೆ ಎಲೆ ಸೀಳುವುದು ಒತ್ತಡ ತಗ್ಗಿಸಿಕೊಳ್ಳುವ ಉಪಾಯ. ಆದರೆ ಎಲೆ ಚಿಂದಿಯಾಗಿ ದಂಟೇ ಮುರಿದರೆ ಕಥೆ ಬೇರೆ. ಗೊನೆ ಹೊರಬಂದ ಮೇಲೆ ಬಾಳೆ ಹೊಸ ಎಲೆ ಬಿಡುವುದಿಲ್ಲ. ಇರುವ ಎಲೆಗಳೇ ಸುಮಾರು ಮೂರು ತಿಂಗಳು ಗೊನೆಯನ್ನು ಸಾಕಬೇಕು. ಎಲೆ ಹೋದ ಗಿಡದ ಕಾಯಿ ಸರಿಯಾಗಿ ದಪ್ಪವಾಗುವುದಿಲ್ಲ, ಗೊನೆಯ ತೂಕ ಇಳಿಯುತ್ತದೆ. ಅಲುಗಾಡಿ ಬೇರು ಕಿತ್ತ ಗಿಡ, ಗೊನೆ ಭಾರವಾದಾಗ ಸಣ್ಣ ಗಾಳಿಗೂ ಒರಗುತ್ತದೆ.

ಸರ್ಕಾರದ ವಿಪತ್ತು ಪರಿಹಾರ ಸಿಗಲು ಶೇ. 33ರಷ್ಟಾದರೂ ಬೆಳೆ ಹಾನಿಯಾಗಿರಬೇಕು. ಗಾಳಿ ಬಂದ ವಾರದಲ್ಲಿ ಕಣ್ಣಿಗೆ ಬೀಳುವುದು ಮುರಿದ ಗಿಡ. ತೂಕದ ನಷ್ಟ ಗೊತ್ತಾಗುವುದು ಕಟಾವಿನಲ್ಲಿ. ಆದ್ದರಿಂದ ಹಾನಿ ಸಮೀಕ್ಷೆಯಲ್ಲಿ ಗೊನೆ ಬಿಟ್ಟ ಪ್ರತಿ ಗಿಡದಲ್ಲೂ ಉಳಿದ ಎಲೆ ಎಷ್ಟೆಂದು ಎಣಿಸಲೇಬೇಕು. ರೈತರೂ ಅಂಥ ಗಿಡಗಳ ಫೋಟೋ ತೆಗೆದಿಡಲಿ, ಕಟಾವಿನ ತೂಕದ ಚೀಟಿ ಜೋಪಾನ ಮಾಡಲಿ. ಗೊನೆಯ ಗಿಡಕ್ಕೆ ಊರುಗೋಲು, ಗಾಳಿ ಬರುವ ಬದುವಿಗೆ ಸರ್ವೆ ಮರದ ಸಾಲು ಹಾಕುವುದು ನಮ್ಮ ಕೈಯಲ್ಲಿರುವ ಕೆಲಸ. ಕಾಣದ ನಷ್ಟವನ್ನು ಲೆಕ್ಕಕ್ಕೆ ತರುವುದು ಸರ್ಕಾರದ ಕೆಲಸ.