ಅಂಗೈಯಗಲದ ಅಂಬಾಸಡರ್

ಬೇಸಿಗೆಯ ರಜೆ ಬಂದಿತೆಂದರೆ ಮಕ್ಕಳನ್ನು ಯಾವ ಕೆಲಸದಲ್ಲಿ ತೊಡಗಿಸಬೇಕೆಂಬುದು ಎಲ್ಲ ಮನೆಗಳ ಚಿಂತೆ. ಎರಡು ಬೇಸಿಗೆಗಳ ಹಿಂದೆ ನಮ್ಮ ಮನೆಯಲ್ಲಿ ಆ ಚಿಂತೆಯನ್ನು ದೂರ ಮಾಡಿದ್ದು ಒಂದು ಪುಟ್ಟ ಬಿಳಿಯ ಅಂಬಾಸಡರ್ ಕಾರು. ಎಂಟನೆಯ ತರಗತಿಯನ್ನು ಮುಗಿಸಿದ್ದ ನಮ್ಮ ಮಗ ಅದನ್ನು ಆಟಿಕೆಯ ಅಂಗಡಿಯಿಂದ ತಂದು, ಎಂಬತ್ತಾರು ವಯಸ್ಸಿನ ನಮ್ಮ ತಂದೆಯವರ ಕೈಯಲ್ಲಿಟ್ಟು, “ತಾತ, ನಿಮ್ಮ ಕಾರು” ಎಂದನು. ತಂದೆಯವರು ಕನ್ನಡಕವನ್ನು ಸರಿಪಡಿಸಿಕೊಂಡು ಅದನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದರು. “ಚೆನ್ನಾಗಿದೆ ಕಣಪ್ಪ. ಆದರೆ ಇದು ಯಾರದೋ ಕಾರು” ಎಂದು ಹೇಳಿ ಹಿಂದಕ್ಕೆ ಕೊಟ್ಟರು.

ಹುಡುಗನ ಮುಖ ಬಾಡಿತು. ಆದರೆ ಆ ಒಂದು ಮಾತೇ ನಮ್ಮ ಆ ಬೇಸಿಗೆಯ ಪಾಠವಾಯಿತು. ಯಾರದೋ ಆಗಿರುವ ಆಟಿಕೆಯನ್ನು ನಮ್ಮದನ್ನಾಗಿ ಮಾಡುವುದು ಹೇಗೆ? ಆ ಪ್ರಯತ್ನದಲ್ಲಿ ನಾವು ಕಲಿತದ್ದನ್ನು, ಎಡವಿದ್ದನ್ನು, ಕೊನೆಗೆ ನಮಗೆ ತಿಳಿದುಬಂದ ಒಂದು ಸಂಗತಿಯನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನ.

ಹಲಸೂರಿನ ನಮ್ಮ ಮನೆಯ ಮುಂದೆ ಹದಿನೆಂಟು ವರ್ಷ ಒಂದು ಅಂಬಾಸಡರ್ ನಿಂತಿತ್ತು. 1972ರ ಆ ಗಾಡಿಯನ್ನು ತಂದೆಯವರು 1984ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. 2002ರಲ್ಲಿ ಅದು ಶಿವಾಜಿನಗರದ ಗುಜರಿಗೆ ಹೋಯಿತು. ಆ ದಿನ ತಂದೆಯವರು ಬೀಗದ ಕೈಯನ್ನು ನಮ್ಮ ಕೈಗೆ ಕೊಟ್ಟು ಪೂಜೆಯ ಕೋಣೆಯನ್ನು ಸೇರಿದವರು, ಗಾಡಿ ಬೀದಿಯ ತಿರುವನ್ನು ದಾಟುವವರೆಗೂ ಹೊರಗೆ ಬರಲಿಲ್ಲ. ನಮ್ಮ ಬಳಿ ಉಳಿದದ್ದು ಒಂದು ಮದುವೆಯ ಛಾಯಾಚಿತ್ರ. ಅದರಲ್ಲಿಯೂ ಕಾಣುವುದು ಅರ್ಧ ಬಾನೆಟ್ಟು ಮಾತ್ರ.

ಯಾವ ಕಾರು, ಯಾವ ವರ್ಷದ್ದು?

ಮಾದರಿ ಕಾರುಗಳ ಚರಿತ್ರೆ ಚಿಕ್ಕದೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1930ರ ದಶಕದಲ್ಲಿ ಡಿಂಕಿ ಎಂಬ ಹೆಸರಿನ ಲೋಹದ ಪುಟ್ಟ ಕಾರುಗಳು ಹುಟ್ಟಿದವು. ಶಾಲೆಗೆ ತರುವ ಆಟಿಕೆ ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವಷ್ಟೇ ಇರಬೇಕೆಂಬ ನಿಯಮವಿದ್ದ ಶಾಲೆಯಲ್ಲಿ ಓದುತ್ತಿದ್ದ ಮಗಳಿಗಾಗಿ ಜ್ಯಾಕ್ ಓಡೆಲ್ ಎಂಬ ಯಂತ್ರತಜ್ಞರು ಪುಟ್ಟ ರೋಡ್ ರೋಲರೊಂದನ್ನು ಮಾಡಿಕೊಟ್ಟರು. 1953ರಲ್ಲಿ ಆರಂಭವಾದ ಮ್ಯಾಚ್‌ಬಾಕ್ಸ್ ಕಾರುಗಳಿಗೆ ಅದೇ ಮೂಲ. ಡಿಂಕಿಯ ಹಳೆಯ ಅಚ್ಚುಗಳಲ್ಲಿ ಕೆಲವು ಭಾರತಕ್ಕೂ ಬಂದು, ನಿಕ್ಕಿ ಎಂಬ ಹೆಸರಿನಲ್ಲಿ ಇಲ್ಲಿಯೇ ಕಾರುಗಳಾಗಿ ಮಾರಾಟವಾದವು.

ಇಂತಹ ಕಾರಿಗೆ ನೈಜತೆಯನ್ನು ತರಬೇಕೆನ್ನುವವರು ಬಣ್ಣ ಕುಂಚಗಳನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಇದು ಯಾವ ಕಾರು, ಯಾವ ವರ್ಷದ್ದು? ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರನ್ನು ಆಧರಿಸಿ 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರನ್ನು ತಯಾರಿಸಿತು. ದೂರದಿಂದ ನೋಡಿದರೆ ಅರ್ಧ ಶತಮಾನವೂ ಅದೇ ಕಾರು. ಹತ್ತಿರ ಹೋದರೆ ಬೇರೆ ಬೇರೆ. 1960ರ ದಶಕದಲ್ಲಿ ಬಂದ ಮಾರ್ಕ್ 2ರ ಮುಂಭಾಗಕ್ಕೆ ಒತ್ತೊತ್ತಾದ ಚೌಕುಳಿಯ ಜಾಲರಿ. 1975ರಲ್ಲಿ ಮಾರ್ಕ್ 3. 1979ರ ಮಾರ್ಕ್ 4ರಲ್ಲಿ ಮುಖವೇ ಬದಲಾಯಿತು. ನಮ್ಮದು ಮಾರ್ಕ್ 2. ಮಗ ತಂದದ್ದು ಅದಕ್ಕಿಂತ ಈಚಿನ ಮುಖದ್ದು. ತಂದೆಯವರಿಗೆ ಅದು ಒಂದೇ ನೋಟಕ್ಕೆ ಹೊಳೆದಿತ್ತು.

ಆದುದರಿಂದ ಹಳೆಯ ಮುಖವನ್ನು ಅರದಿಂದ ಉಜ್ಜಿ ತೆಗೆದು, ಸವೆದುಹೋದ ಟೀ ಸೋಸುವ ಜಾಲರಿಯಿಂದ ತುಂಡೊಂದನ್ನು ಕತ್ತರಿಸಿ ಅಂಟಿಸಿದೆವು. ಒಳಗೆ ಮುಂದಿನ ಎರಡು ಸೀಟುಗಳು ಬೇರೆ ಬೇರೆಯಾಗಿದ್ದವು. ನಮ್ಮ ಗಾಡಿಯಲ್ಲಿ ಇದ್ದದ್ದು ಮೂವರು ಕೂಡುವ ಒಂದೇ ಉದ್ದನೆಯ ಸೀಟು, ಗೇರು ಸ್ಟೀರಿಂಗಿನ ಪಕ್ಕದಲ್ಲಿ. ನಡುವಿನ ಸಂದಿಯನ್ನು ರಟ್ಟಿನಿಂದ ಮುಚ್ಚಿ, ನೆಲದ ಗೇರುಕೋಲನ್ನು ಕಿತ್ತು ಹಾಕಿದೆವು.

ಅಳತೆಯ ಲೆಕ್ಕ

ಎರಡನೆಯ ಪಾಠ ಗಣಿತದ್ದು. ಅಂಬಾಸಡರಿನ ಉದ್ದ ಸುಮಾರು 4,320 ಮಿ.ಮೀ. ನಮ್ಮ ಆಟಿಕೆಯ ಉದ್ದ 120 ಮಿ.ಮೀ. ಭಾಗಿಸಿದರೆ 36. ಅಂದರೆ ಆಟಿಕೆಯ ಮೇಲಿನ ಒಂದು ಮಿಲಿಮೀಟರು ನಿಜವಾದ ಕಾರಿನ ಮೇಲೆ 36 ಮಿಲಿಮೀಟರು. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಬಹಳಷ್ಟು ತಪ್ಪುಗಳು ತಪ್ಪುತ್ತವೆ. ನಾವು ಮೊದಲು ಅದನ್ನು ಮರೆತು, ಹೊಲಿಗೆಯ ಸೂಜಿಯನ್ನು ಮುರಿದು ರೇಡಿಯೋ ಏರಿಯಲ್ ಎಂದು ನಿಲ್ಲಿಸಿದೆವು. ಸೂಜಿಯ ದಪ್ಪ 0.7 ಮಿ.ಮೀ. ಮೂವತ್ತಾರರಿಂದ ಗುಣಿಸಿ ನೋಡಿದರೆ ಎರಡೂವರೆ ಸೆಂಟಿಮೀಟರು! ಕಾರಿನ ಮೇಲೆ ಧ್ವಜಸ್ತಂಭ ನೆಟ್ಟಂತಾಗಿತ್ತು. ಆಮೇಲೆ ವಿದ್ಯುತ್ ವಯರಿನೊಳಗಿನ ತಾಮ್ರದ ಒಂದೇ ಎಳೆಯನ್ನು ಬಳಸಿದೆವು. ಅದೂ ತುಸು ದಪ್ಪವೇ, ಆದರೂ ಕಣ್ಣಿಗೆ ಒಪ್ಪಿತು.

ಸೀಟಿನ ಬೆನ್ನಿಗೆ ತಂದೆಯವರು ಸದಾ ಹಾಕುತ್ತಿದ್ದ ಬಿಳಿಯ ಟವೆಲ್ಲಿಗೂ ಇದೇ ಗತಿಯಾಯಿತು. ನಿಜವಾದ ಬಟ್ಟೆಯ ತುಂಡನ್ನು ಇಟ್ಟಾಗ ಅದರ ನೂಲು ಹಗ್ಗದಂತೆ ಕಂಡಿತು. ತೆಳುವಾದ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಗೋಂದಿನಲ್ಲಿ ಅದ್ದಿ ಮಡಿಸಿ ಇಟ್ಟಾಗ ಅದೇ ಟವೆಲ್ಲಾಯಿತು. ದೊಡ್ಡದರ ವಸ್ತು ಚಿಕ್ಕದಕ್ಕೆ ಸಲ್ಲದು. ಚಿಕ್ಕದರಲ್ಲಿ ಅದರಂತೆ ಕಾಣುವ ಬೇರೆ ವಸ್ತುವನ್ನು ಹುಡುಕಬೇಕು.

ಇನ್ನು ನಂಬರ್ ಪ್ಲೇಟಿನ ಕಥೆ. ಮಗ ಬಿಳಿಯ ಹಲಗೆಯ ಮೇಲೆ ಕಪ್ಪು ಅಕ್ಷರಗಳಲ್ಲಿ ‘ಕೆಎ 03’ ಎಂದು ಅಚ್ಚು ಹಾಕಿಸಿ ತಂದಿದ್ದನು. ಅವನು ದಿನವೂ ನೋಡುವುದು ಇಂದಿರಾನಗರದ ಕಚೇರಿಯ ಈ ಸಂಖ್ಯೆಯನ್ನು, ಇಲ್ಲವೇ ಕೆ.ಆರ್. ಪುರದ ‘ಕೆಎ 53’ನ್ನು. ಅಳತೆ ಸರಿಯಾಗಿಯೇ ಇತ್ತು. ಇಂದಿನ ನಿಯಮದಂತೆ 500 ಮಿ.ಮೀ. ಉದ್ದ, 120 ಮಿ.ಮೀ. ಅಗಲದ ಹಲಗೆಯು ಈ ಪ್ರಮಾಣದಲ್ಲಿ ಸುಮಾರು 14 ಮತ್ತು 3.3 ಮಿ.ಮೀ. ಆಗುತ್ತದೆ, 65 ಮಿ.ಮೀ. ಎತ್ತರದ ಅಕ್ಷರವು 1.8 ಮಿ.ಮೀ. ಆದರೆ ಕಾಲ ತಪ್ಪಿತ್ತು. ‘ಕೆಎ’ ಬಂದದ್ದು 1989ರಲ್ಲಿ. ನಮ್ಮ ಗಾಡಿ ಮೈಸೂರು ರಾಜ್ಯದ ಕಾಲದ್ದು, ‘ಎಂವೈ’ಯಿಂದ ಆರಂಭವಾಗುವ ಸಂಖ್ಯೆಯದು. ಆಗ ಖಾಸಗಿ ಕಾರುಗಳಿಗೆ ಕಪ್ಪು ಹಲಗೆ, ಬಿಳಿಯ ಅಕ್ಷರ. “ಅದನ್ನು ಪೇಂಟರು ಕುಂಚದಲ್ಲಿ ಬರೆದಿದ್ದ. ಅವನ ಎರಡಕ್ಕೆ ಉದ್ದ ಬಾಲ” ಎಂದು ತಂದೆಯವರು ಮೊದಲ ಬಾರಿಗೆ ತಾವಾಗಿಯೇ ಮಾತು ಸೇರಿಸಿದರು. ಮಗ ಬಿಳಿಯ ಶಾಯಿಯ ಪೆನ್ನಿನಿಂದ ಏಳು ಸಲ ಬರೆದು ಅಳಿಸಿ, ಎಂಟನೆಯ ಸಲಕ್ಕೆ ಆ ಬಾಲವನ್ನು ಸಾಧಿಸಿದನು.

ಹಳೆಯದಾಗುವ ಬಗೆ

ಹೊಚ್ಚ ಹೊಸ ಹೊಳಪು ಆಟಿಕೆಯ ಲಕ್ಷಣ. ನಿಜವಾದ ಕಾರು ಹೇಗೆ ಹಳೆಯದಾಗುತ್ತದೆಂದು ನೋಡಲು ನಾವು ಮಗನನ್ನು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಕರೆದೊಯ್ದೆವು. ಇಪ್ಪತ್ತು ವರ್ಷಗಳಿಂದ ಆ ಬೀದಿಗೆ ನಾವು ಕಾಲಿಟ್ಟಿರಲಿಲ್ಲ. ಬಾಗಿಲುಗಳು, ಸ್ಟೀರಿಂಗುಗಳು, ದೀಪದ ಬಟ್ಟಲುಗಳು ಸಾಲಾಗಿ ತೂಗುತ್ತಿದ್ದವು. ಮಗ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡನು. ತುಕ್ಕು ಎಲ್ಲೆಂದರಲ್ಲಿ ಹಿಡಿಯುವುದಿಲ್ಲ. ನೀರು ನಿಲ್ಲುವ ಬಾಗಿಲಿನ ಕೆಳ ಅಂಚಿನಲ್ಲಿ, ಚಕ್ರದ ಮೇಲಿನ ಕಮಾನಿನ ಒಳಗೆ, ಬಣ್ಣ ಕಿತ್ತುಹೋದ ಕಡೆಯಲ್ಲಿ ಹಿಡಿಯುತ್ತದೆ. ಬಣ್ಣ ಸವೆಯುವುದು ಕೈ ತಾಗುವ ಹಿಡಿಕೆಯ ಸುತ್ತ. ಹಳೆಯ ಅಂಬಾಸಡರಿನ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಸೋತು ಹಿಂಭಾಗ ತುಸು ಕುಸಿದಿರುತ್ತದೆ. ಆಟಿಕೆಯ ಹಿಂಭಾಗವನ್ನು ಒಂದೇ ಒಂದು ಮಿಲಿಮೀಟರು ತಗ್ಗಿಸಿದೆವು, ಗಾಡಿಗೆ ವಯಸ್ಸಾಯಿತು.

ಮನೆಯಲ್ಲಿ ಮಾಡಬಹುದಾದ ಕೆಲವು ಉಪಾಯಗಳನ್ನು ಇಲ್ಲಿ ಹೇಳುವುದು ಉಚಿತ. ಬಾಗಿಲು, ಬಾನೆಟ್ಟು, ಡಿಕ್ಕಿಗಳ ಸಂದುಗಳಿಗೆ ಬಹಳ ನೀರಾಗಿಸಿದ ಬಣ್ಣವನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಅದು ತಾನಾಗಿಯೇ ಗೆರೆಯುದ್ದಕ್ಕೂ ಹರಿಯುತ್ತದೆ. ಹೊರಗೆ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಬೇಕು. ಬಿಳಿಯ ಕಾರಿಗೆ ಕಪ್ಪು ಬಣ್ಣ ಬೇಡ, ಬೂದು ಸಾಕು. ಕಪ್ಪು ಹಾಕಿದರೆ ಪೆನ್ಸಿಲಿನಿಂದ ಗೆರೆ ಎಳೆದಂತೆ ಕಾಣುತ್ತದೆ. ಕನ್ನಡಿಗೆ ಚಾಕೊಲೇಟಿನ ಬೆಳ್ಳಿ ಕಾಗದ, ಸಣ್ಣ ದೀಪಗಳ ಗಾಜಿಗೆ ಬಣ್ಣವಿಲ್ಲದ ಉಗುರು ಪಾಲಿಶಿನ ಒಂದು ಹನಿ. ಟೈರಿನ ಹೊಳಪನ್ನು ನೆಲ ಮುಟ್ಟುವ ಭಾಗದಲ್ಲಿ ಮಾತ್ರ ಎಮರಿ ಕಾಗದದಿಂದ ತೆಗೆಯಬೇಕು. ತುಕ್ಕಿನ ಬಣ್ಣವನ್ನು ಸ್ಪಂಜಿನ ಚೂರಿನಿಂದ ಚುಕ್ಕೆ ಚುಕ್ಕೆಯಾಗಿ ಒತ್ತಬೇಕು. ಬೆಂಗಳೂರಿನ ಧೂಳು ಕೆಂಪು. ರಂಗೋಲಿಗೆ ಬಳಸುವ ಕೆಮ್ಮಣ್ಣಿನ ನುಣ್ಣನೆಯ ಪುಡಿಯನ್ನು ಒಣಗಿದ ಕುಂಚದಿಂದ ಚಕ್ರಗಳ ಹಿಂದೆ ಸವರಿದರೆ ಹಳೆಯ ಮದ್ರಾಸು ರಸ್ತೆಯಲ್ಲಿ ಓಡಿ ಬಂದಂತೆ ಕಾಣುತ್ತದೆ. ಎಲ್ಲವನ್ನೂ ಸ್ವಲ್ಪ ಕಡಮೆಯೇ ಮಾಡಬೇಕು. ಅಂಟು, ಥಿನ್ನರುಗಳನ್ನು ಬಳಸುವಾಗ ಕಿಟಕಿ ತೆರೆದಿರಲಿ. ಬ್ಲೇಡಿನ ಕೆಲಸದಲ್ಲಿ ಹಿರಿಯರು ಜೊತೆಯಲ್ಲಿರಲಿ.

ಎಡಗಡೆಯ ತಗ್ಗು

ಕಾರು ಬಹುಮಟ್ಟಿಗೆ ಮುಗಿದಿತ್ತು. ಮುಂದಿನ ಗಾಜಿನ ಒಳಗೆ, ಕಡ್ಡಿಯ ತುದಿಯಷ್ಟು ಚಿಕ್ಕದಾದ ಬಸವಣ್ಣನೂ ಕುಳಿತಿದ್ದಾಯಿತು. ಉಳಿದದ್ದು ಎಡಗಡೆಯ ಮುಂದಿನ ಮಡ್‌ಗಾರ್ಡಿನ ಮೇಲಿದ್ದ ತಗ್ಗು. ಅದನ್ನು ನಾವೆಲ್ಲರೂ ಬಲ್ಲೆವು. ತಂದೆಯವರೇ ಎಲ್ಲೋ ಕಲ್ಲಿಗೆ ತಾಗಿಸಿದ್ದೆಂದು ಅವರೇ ಹೇಳುತ್ತಿದ್ದರು. ಮನೆಯಲ್ಲಿ ಅದೊಂದು ನಗೆಯ ಮಾತೂ ಆಗಿತ್ತು. “ತಾತ, ಆ ತಗ್ಗು ಎಷ್ಟು ದೊಡ್ಡದಿತ್ತು?” ಎಂದು ಮಗ ಕೇಳಿದನು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, “ಅದನ್ನು ಹಾಕಲೇಬೇಕೇನು?” ಎಂದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದವರು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಅದು ನಾನು ಮಾಡಿದ್ದಲ್ಲ ಮರಿ. ನಿಮ್ಮ ಅಜ್ಜಿ ಮಾಡಿದ್ದು” ಎಂದರು.

2011ರಲ್ಲಿ ಲಿಂಗೈಕ್ಯರಾದ ನಮ್ಮ ತಾಯಿ ಕಾರಿನ ಸ್ಟೀರಿಂಗನ್ನು ಹಿಡಿದಿದ್ದರೆಂಬುದೇ ನಮಗೆ ತಿಳಿದಿರಲಿಲ್ಲ. 1987ರಲ್ಲಿ ಕೆಲವು ಭಾನುವಾರಗಳ ಮುಂಜಾನೆ, ನಾವು ಮಕ್ಕಳು ಮಲಗಿರುವಾಗಲೇ, ಇಬ್ಬರೂ ಹಳೆಯ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರದಾಚೆಗೆ ಹೋಗುತ್ತಿದ್ದರಂತೆ. ಆಗ ಅಲ್ಲಿ ಇಂದಿನ ತೂಗು ಸೇತುವೆಯೂ ಇಲ್ಲ, ವಾಹನಗಳ ಸಾಲೂ ಇಲ್ಲ. ತಂದೆಯವರು ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದರು. ನಾಲ್ಕನೆಯ ಭಾನುವಾರ ಎದುರಿಗೆ ಬಂದ ಲಾರಿಗೆ ಹೆದರಿ ತಾಯಿ ಎಡಕ್ಕೆ ಎಳೆದರು. ಗಾಡಿ ಮೈಲಿಗಲ್ಲಿಗೆ ತಾಗಿತು. ಮನೆಯಲ್ಲಿ ಹಿರಿಯರಿದ್ದ ಕಾಲ. ಯಾರಿಗೂ ಹೇಳಬೇಡಿರೆಂದು ತಾಯಿ ಕೇಳಿಕೊಂಡರು, ತಂದೆಯವರು ಮಾತು ಕೊಟ್ಟರು. “ಮಾತನ್ನು ಉಳಿಸಿಕೊಂಡೆ. ಆದರೆ ಮುಂದಿನ ಭಾನುವಾರ ಅವಳನ್ನು ಮತ್ತೆ ಕರೆದುಕೊಂಡು ಹೋಗಬೇಕಾಗಿತ್ತು. ಅವಳಿಗೆ ಇಷ್ಟವಿತ್ತು. ನಾನು ಕರೆಯಲಿಲ್ಲ” ಎಂದು ಹೇಳಿ ತಂದೆಯವರು ಆಟಿಕೆಯ ಎಡಭಾಗವನ್ನು ಹೆಬ್ಬೆರಳಿನಿಂದ ಸವರಿದರು. ಅನಂತರ, “ಅಂಗೈಯಷ್ಟಿತ್ತು. ದೀಪದ ಹಿಂದೆ. ಹಾಕು” ಎಂದರು.

ಅಂಗೈಯಷ್ಟೆಂದರೆ ಈ ಪ್ರಮಾಣದಲ್ಲಿ ಮೂರು ಮಿಲಿಮೀಟರಿಗೂ ಕಡಮೆ. ಮಗ ಎಮರಿ ಕಾಗದವನ್ನು ಕಡ್ಡಿಗೆ ಸುತ್ತಿ, ಅರ್ಧ ಮಿಲಿಮೀಟರು ಆಳಕ್ಕೆ ಉಜ್ಜಿ, ತಗ್ಗಿನ ಮೇಲಂಚಿಗೆ ಬೂದಿಯ ನೆರಳನ್ನೂ ಕೆಳಗೆ ಕೂದಲೆಳೆಯಷ್ಟು ತುಕ್ಕನ್ನೂ ಇಟ್ಟನು. ಅರ್ಧ ಗಂಟೆಯ ಕೆಲಸ. ಅಷ್ಟು ಚಿಕ್ಕ ಗುರುತಿನ ಹಿಂದೆ ನಮ್ಮ ತಾಯಿಯ ಒಂದು ಆಸೆಯೂ ನಮ್ಮ ತಂದೆಯವರ ಮೂರೂವರೆ ದಶಕಗಳ ಮೌನವೂ ಇದ್ದವೆಂದು ಯಾರು ಊಹಿಸಿದ್ದರು?

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮಕ್ಕಳು ಇಂತಹ ಕಾರುಗಳನ್ನು ಕೂಡಿಸುತ್ತಿದ್ದಾರೆ. ಅವರನ್ನು ಹಳೆಯ ವಾಹನಗಳಿರುವ ಕಡೆಗೆ ಕರೆದೊಯ್ಯಿರಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳಿವೆ. ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ‘ಪಯಣ’ವೆಂಬ ಕಾರುಗಳ ಸಂಗ್ರಹಾಲಯ ತೆರೆದಿದೆ. ಅದಕ್ಕಿಂತಲೂ ಮೊದಲು ಮನೆಯ ಹಿರಿಯರನ್ನು ಕೇಳಲು ಹೇಳಿರಿ: ಎಲ್ಲಿ ತುಕ್ಕು ಹಿಡಿದಿತ್ತು, ಯಾವ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಆ ತಗ್ಗು ಹೇಗಾಯಿತು ಎಂದು. ಕೇಳುವವರಿಲ್ಲದೆ ಎಷ್ಟೋ ಸಂಗತಿಗಳು ಹಿರಿಯರೊಡನೆಯೇ ಹೊರಟುಹೋಗುತ್ತವೆ.

ಪುಟ್ಟ ಅಂಬಾಸಡರ್ ಈಗ ತಂದೆಯವರ ಮಂಚದ ಪಕ್ಕದ ಗೂಡಿನಲ್ಲಿ, ಎಡಗಡೆ ಹೊರಗೆ ಕಾಣುವಂತೆ ನಿಂತಿದೆ. ಬಂಧುಗಳು ಬಂದಾಗ ಅವರು ಅದನ್ನು ಕೈಗೆ ತೆಗೆದುಕೊಂಡು ಮೊದಲು ತೋರಿಸುವುದು ಆ ತಗ್ಗನ್ನೇ. “ಇದು ನಮ್ಮ ಮನೆಯವರು ಓಡಿಸಿದ ಕಾರು” ಎನ್ನುತ್ತಾರೆ.