ಒರೆಸಿದರೆ ಹೋಗುವ ಬಿಳುಪು

‘ಬಾಯೆಲ್ಲ ಉರಿ, ಸಾರನ್ನ ಕೂಡ ತಿನ್ನೋಕಾಗಲ್ಲ’ ಎಂದು ಬೆಂಗಳೂರಿನ ಮರ್ಫಿ ಟೌನಿನಲ್ಲಿರುವ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಒಂದು ಪಟ್ಟಿ ಬಿ-ಕಾಂಪ್ಲೆಕ್ಸ್ ನುಂಗಿ ಮುಗಿಸಿರುತ್ತಾರೆ. ಕನ್ನಡ, ತಮಿಳು, ದಖನಿ ಯಾವ ಭಾಷೆಯಲ್ಲಿ ಹೇಳಿದರೂ ದೂರು ಅದೇ, ಮನೆಮದ್ದೂ ಅದೇ. ಬಾಯಿ ಉರಿಗೆಲ್ಲ ವಿಟಮಿನ್ ಕೊರತೆಯೇ ಕಾರಣವಲ್ಲ. ಬಾಯಲ್ಲಿ ಫಂಗಸ್ ಹಬ್ಬಿದರೂ ಹೀಗೇ ಉರಿಯುತ್ತದೆ. ಫಂಗಸ್ ಹಬ್ಬಿದೆ ಎಂದರೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ಇನ್ನೇನೋ ಇರುತ್ತದೆ. ಅದನ್ನು ಹುಡುಕುವುದೇ ನನ್ನ ಮಟ್ಟಿಗೆ ನಿಜವಾದ ಚಿಕಿತ್ಸೆ.

ಈ ಶಿಲೀಂಧ್ರದ ಹೆಸರು ಕ್ಯಾಂಡಿಡಾ. ಎಷ್ಟೋ ಆರೋಗ್ಯವಂತರ ಬಾಯಲ್ಲಿ ಅದು ತನ್ನ ಪಾಡಿಗೆ ತಾನಿರುತ್ತದೆ. ಜೊಲ್ಲು, ಬಾಯಲ್ಲಿರುವ ಬ್ಯಾಕ್ಟೀರಿಯಾ, ಮೈಯ ರೋಗನಿರೋಧಕ ಶಕ್ತಿ ಮೂರೂ ಸೇರಿ ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಇವುಗಳಲ್ಲೊಂದು ಕೈಕೊಟ್ಟರೆ ಸಾಕು, ಅದು ಹಬ್ಬತೊಡಗುತ್ತದೆ.

ಬಿಳಿ ಪದರ ಕಂಡರೆ ನಾನು ಮೊದಲು ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತೇನೆ. ಮೊಸರಿನ ಗರಣೆಯಂತೆ ಕಿತ್ತುಬಂದು ಅಡಿಯಲ್ಲಿ ಕೆಂಪು ಕಂಡರೆ ಕ್ಯಾಂಡಿಡಾ ಇರಬಹುದು. ಸಂಶಯವಿದ್ದರೆ ಆ ಪದರವನ್ನು ಗಾಜಿನ ಸ್ಲೈಡಿಗೆ ಸವರಿ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಾಯಿಯ ಜೀವಕೋಶಗಳು ಕರಗಿ ಫಂಗಸ್ಸಿನ ಎಳೆಗಳು ನಿಚ್ಚಳವಾಗುತ್ತವೆ. ಲ್ಯಾಬಿನಲ್ಲಿ ಸಬೂರೊ ಅಗಾರ್ ಮೇಲೆ ಬಿಟ್ಟರೆ ಎರಡು ಮೂರು ದಿನದಲ್ಲಿ ಕೆನೆಬಣ್ಣದ ಚುಕ್ಕೆಗಳಾಗಿ ಬೆಳೆಯುತ್ತದೆ. ಆದರೆ ಚೆನ್ನಾಗಿರುವವರ ಬಾಯಲ್ಲೂ ಇರುವಂಥದ್ದು ಇದು. ಹಾಗಾಗಿ ಲ್ಯಾಬ್ ರಿಪೋರ್ಟ್ ಒಂದನ್ನೇ ನಂಬಿ ಔಷಧಿ ಬರೆಯುವುದು ಸರಿಯಲ್ಲ, ಬಾಯಿಯನ್ನೂ ನೋಡಬೇಕು.

ಎಷ್ಟು ಒರೆಸಿದರೂ ಹೋಗದ ಬಿಳಿ ಮಚ್ಚೆಯ ವಿಚಾರವೇ ಬೇರೆ. ಗುಟ್ಕಾ, ಹೊಗೆಸೊಪ್ಪು, ಬೀಡಿ ಚಟವಿರುವವರಲ್ಲಿ ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಕ್ಯಾಂಡಿಡಾದ ಒಂದು ಬಗೆಯೂ ಹಾಗೆಯೇ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಂಥ ಮಚ್ಚೆಯನ್ನು ಬಯಾಪ್ಸಿ ಮಾಡಿಸದೆ ಬಿಡಲೇಬಾರದು.

ಬಿಳುಪಿಲ್ಲದೆಯೂ ಈ ಸೋಂಕು ಇರುತ್ತದೆ. ಮಾರ್ಕೆಟ್ ಹಿಂದಿನ ಗಲ್ಲಿಯಿಂದ ಬಂದ ಅಜ್ಜಿಯೊಬ್ಬರಿಗೆ ಎರಡೂ ಕಟಬಾಯಿ ಒಡೆದಿತ್ತು. ಮೇಲಿನ ಹಲ್ಲುಸೆಟ್ ತೆಗೆಸಿ ನೋಡಿದರೆ ಅಂಗುಳು ಕೆಂಪಗಾಗಿತ್ತು. ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೋ ಆ ಕೆಂಪೂ ಸರಿಯಾಗಿ ಅಲ್ಲಿಗೇ ನಿಂತಿತ್ತು.

‘ರಾತ್ರಿ ತೆಗೆದಿಡ್ತೀರಾ ಅಜ್ಜಿ?’

‘ಸೊಸೆ ಮುಂದೆ ಬೊಚ್ಚುಬಾಯಿ ಹೇಗೆ ತೋರಿಸಲಮ್ಮ?’

ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಸೆಟ್ಟಿನ ಅಡಿಗೆ ಜೊಲ್ಲು ಹರಿಯುವುದಿಲ್ಲ, ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕ್ಯಾಂಡಿಡಾ ನೆಲೆಯೂರುತ್ತದೆ. ಬಾಯಿಗೆಷ್ಟೇ ಔಷಧಿ ಹಚ್ಚಿದರೂ ಸೆಟ್ ಕೊಳಕಾಗಿದ್ದರೆ ಸೋಂಕು ಮರುಕಳಿಸುತ್ತದೆ. ಮೆದು ಬ್ರಶ್ಶು, ಸೋಪಿನ ನೀರಿನಲ್ಲಿ ದಿನವೂ ಉಜ್ಜಿ, ರಾತ್ರಿ ತೆಗೆದು ನೀರಿನಲ್ಲಿ ಮುಳುಗಿಸಿಡಬೇಕು. ಸಡಿಲವಾಗಿದ್ದರೆ ಸರಿಪಡಿಸಬೇಕು, ಇಲ್ಲವೇ ಹೊಸದು ಮಾಡಿಸಬೇಕು. ಸೊಸೆಯನ್ನೂ ಒಳಗೆ ಕರೆದು ಇಷ್ಟನ್ನೂ ಹೇಳಿದೆ. ಆಕೆಗೆ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ.

ಉಬ್ಬಸಕ್ಕೆ ಸ್ಟೀರಾಯ್ಡ್ ಪಫ್ ಎಳೆಯುವವರು ಬೆಂಗಳೂರಿನಲ್ಲಿ ಬಹಳ. ಅವರ ಬಾಯಲ್ಲೂ ಈ ಫಂಗಸ್ ಹಬ್ಬಬಹುದು. ಪ್ರತಿ ಸಲವೂ ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ, ಪಫ್ಫಿಗೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹೆದರಿ ಪಫ್ ನಿಲ್ಲಿಸಬಾರದು. ಹೆಚ್ಚು ದಿನ ಆ್ಯಂಟಿಬಯೋಟಿಕ್ ತೆಗೆದುಕೊಂಡವರಿಗೂ, ಕತ್ತಿಗೆ ರೇಡಿಯೇಶನ್ ಆಗಿ ಬಾಯಿ ಒಣಗಿದವರಿಗೂ ಇದು ಬರುತ್ತದೆ. ಇಂಥದ್ದೇನೂ ಇಲ್ಲದಿದ್ದರೆ ನಾನು ಶುಗರ್ ಪರೀಕ್ಷೆ ಬರೆದುಕೊಡುತ್ತೇನೆ. ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಹಲ್ಲಿನ ಡಾಕ್ಟರ ಕುರ್ಚಿಯಲ್ಲೇ ಮೊದಲು ಗೊತ್ತಾದವರಿದ್ದಾರೆ. ಕೆಲವರಿಗೆ ಎಚ್ಐವಿ ಪರೀಕ್ಷೆಯನ್ನೂ ಹೇಳಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಅದು ಉಚಿತ, ವಿಷಯ ಗುಟ್ಟಾಗಿಯೂ ಉಳಿಯುತ್ತದೆ.

ಔಷಧಿ ದುಬಾರಿಯೇನಲ್ಲ. ಕ್ಲೋಟ್ರಿಮಜೋಲ್ ಮೌತ್ ಪೇಂಟನ್ನು ದಿನಕ್ಕೆ ಮೂರ್ನಾಲ್ಕು ಸಲ ಹಚ್ಚಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ನಿಸ್ಟಾಟಿನ್ ಇನ್ನೂ ಹಳೆಯದು. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅದನ್ನು ಬೇರ್ಪಡಿಸಿ, 1950ರಲ್ಲಿ ಲೋಕಕ್ಕೆ ತಿಳಿಸಿದರು. ಉರಿ ಕಡಿಮೆಯಾಯಿತೆಂದು ಎರಡೇ ದಿನಕ್ಕೆ ಬಿಡಬಾರದು, ಒಂದೆರಡು ವಾರ ಹಚ್ಚಬೇಕು. ಸೋಂಕು ಜೋರಾಗಿದ್ದರೆ ಫ್ಲುಕೊನಜೋಲ್ ಮಾತ್ರೆ. ಇದನ್ನು ಮಾತ್ರ ಚೀಟಿಯಿಲ್ಲದೆ ತಂದು ನುಂಗಬೇಡಿ. ರಕ್ತ ತೆಳುಮಾಡುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು, ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ಅಂಶ ಅಪಾಯಮಟ್ಟಕ್ಕೆ ಇಳಿಯಬಹುದು. ಬಸುರಿಯರು ಡಾಕ್ಟರಿಗೆ ಹೇಳದೆ ಮುಟ್ಟಲೇಬಾರದು.

2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಯ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಮಾತ್ರ ಬೇರೆ ಜಾತಿಯದು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಸರ್ಕಾರ ಅದಕ್ಕೆಂದೇ ಚಿಕಿತ್ಸೆಯ ಏರ್ಪಾಡು ಮಾಡಿತ್ತು. ಅದರ ಔಷಧಿಯಾದ ಆ್ಯಂಫೊಟೆರಿಸಿನ್ ಇಂಜೆಕ್ಷನ್ನಿಗೆ ರೋಗಿಗಳ ಮನೆಯವರು ಊರೆಲ್ಲ ಅಲೆದ ದಿನಗಳವು. ಈ ಕಪ್ಪು ಶಿಲೀಂಧ್ರ ರಕ್ತನಾಳಗಳನ್ನೇ ಮುಚ್ಚಿ ಮೂಳೆಯನ್ನು ಕೊಳೆಸುತ್ತದೆ, ಸತ್ತ ಭಾಗವನ್ನು ಆಪರೇಶನ್ ಮಾಡಿ ತೆಗೆಯಬೇಕಾಗುತ್ತದೆ. ಅಪರೂಪಕ್ಕೆ ಈಗಲೂ ಬರುತ್ತದೆ, ಅದರಲ್ಲೂ ಶುಗರ್ ಹತೋಟಿ ತಪ್ಪಿದವರಿಗೆ. ಅಂಥವರ ಮೇಲಿನ ಹಲ್ಲುಗಳು ಇದ್ದಕ್ಕಿದ್ದಂತೆ ಅಲುಗಾಡಿದರೆ, ಒಂದು ಬದಿಯ ಮುಖ ಊದಿ ಜೋಮು ಹಿಡಿದರೆ, ಅಂಗುಳು ಕಪ್ಪಾದರೆ ಹಲ್ಲು ಕೀಳಿಸಲು ನನ್ನ ಹತ್ತಿರ ಬಂದು ಸಾಲಿನಲ್ಲಿ ಕೂರಬೇಡಿ. ಅವತ್ತೇ ಇಎನ್‌ಟಿ ವಿಭಾಗವಿರುವ ದೊಡ್ಡಾಸ್ಪತ್ರೆಗೆ ಹೋಗಿ.